ಮಾಲೀಕರು ನಿಯತ್ತಿನವರು, ಆದರೂ ಹುಡುಗರು ಬಿಟ್ಟು ಹೋಗುತ್ತಿದ್ದಾರೆ. ಯಾಕೆ?

ತಾರಿಹಾಳ ಆಫೀಸು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ವಾಲ್ವ್ ಬಾಡಿ (ವಾಲ್ವಿನ ಹೊರಕವಚ) ಮಶೀನಿಂಗ್ ಮಾಡುವ ಸಣ್ಣ ಕಾರ್ಖಾನೆ ನಮ್ಮದು. ಹಾಜರಿ, ಪಗಾರ, ಪಿಎಫ್ ನಾನು ನೋಡಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಎಚ್‌ಆರ್ ಅಂತ ಇದೆ, ಆದರೆ ಗೇಟಿನ ಬೀಗ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ.

ನಮ್ಮ ಮಾಲೀಕರು ನಿಜಕ್ಕೂ ಒಳ್ಳೆಯವರು. ಪಿಎಫ್ ಒಂದು ತಿಂಗಳೂ ತಪ್ಪಿಸಿಲ್ಲ. ಎರಡು ಲೆಕ್ಕದ ಪುಸ್ತಕ ಇಟ್ಟಿಲ್ಲ. ರೊಕ್ಕ ತಿನ್ನಿಸಿ ಆರ್ಡರ್ ತರುವ ಅಭ್ಯಾಸ ಇಲ್ಲ. ಆದರೂ ಈಚೆಗೆ ಕೆಲಸ ಚೆನ್ನಾಗಿ ಕಲಿತ ಹುಡುಗರೇ ಬಿಟ್ಟು ಹೋಗುತ್ತಿದ್ದಾರೆ.

ಅದಕ್ಕಿಂತ ದೊಡ್ಡ ತಲೆನೋವು ಹೋದ ತಿಂಗಳು ಬಂತು. ಗಿರಾಕಿ ಒಂದು ಲಾಟ್ ಪೂರ್ತಿ ವಾಪಸ್ ಕಳಿಸಿದರು. ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್, ಅಂದರೆ ಎರಕದಲ್ಲಿ ಗಾಳಿ ಸಿಕ್ಕಿ ಉಳಿದ ತೂತು, ಇತ್ತು. ನಮ್ಮವರು ಯಾರೋ ಅದಕ್ಕೆ ತೂತು ಮುಚ್ಚುವ ಎಂ-ಸೀಲ್ ಅಂಟು ಮೆತ್ತಿ, ಉಜ್ಜಿ, ಮೇಲೆ ಪೇಂಟ್ ಹೊಡೆದು ಕಳಿಸಿದ್ದರು. ಗಿರಾಕಿ ನೀರಿನ ಒತ್ತಡ ಕೊಟ್ಟು ಟೆಸ್ಟ್ ಮಾಡಿದಾಗ ಜಿನುಗಿತು. ಯಾರು ಮಾಡಿದ್ದು ಅಂತ ಮಾಲೀಕರು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. "ನಾನು ಯಾರಿಗೂ ಮೋಸ ಮಾಡಿದವನಲ್ಲ, ನನ್ನ ಶೆಡ್ಡಿನಲ್ಲಿ ಇದು ಹೇಗೆ ಆಯಿತು" ಅಂತ ಅವರಿಗೆ ಈಗ ಊಟ ಸೇರುತ್ತಿಲ್ಲ.

ಮೇಲಿನವರು ನಿಯತ್ತಾಗಿದ್ದರೆ ಕೆಳಗಿನವರೂ ಹಾಗೇ ಇರುತ್ತಾರೆ, ಕಂಪನಿಯೂ ಚೆನ್ನಾಗಿ ನಡೆಯುತ್ತದೆ ಅನ್ನುತ್ತಾರಲ್ಲ, ಅದು ನಿಜವಾ? ನಿಜವಾದರೆ ನಮ್ಮಲ್ಲಿ ಯಾಕೆ ಆಗಲಿಲ್ಲ?

ಲೆಕ್ಕ ಪಕ್ಕಾ

ನಾನೂ ಗೋಕುಲ ರೋಡಿನಲ್ಲಿ ಸಣ್ಣ ಯೂನಿಟ್ ನಡೆಸುವವನು. ನೇರ ಹೇಳುತ್ತೇನೆ, ಬೇಜಾರಾಗಬೇಡಿ. ನಿಯತ್ತಿಗೂ ಲಾಭಕ್ಕೂ ಸಂಬಂಧ ಇಲ್ಲ.

ಲೆಕ್ಕ ನೋಡಿ. 15,000 ರೂಪಾಯಿ ಪಗಾರದ ಒಬ್ಬ ಹುಡುಗನಿಗೆ ಮಾಲೀಕನ ಪಾಲಿನ ಪಿಎಫ್ 12 ಪರ್ಸೆಂಟ್, ಅಂದರೆ 1,800. ಇಎಸ್‌ಐ ಅಂದರೆ ಆರೋಗ್ಯ ವಿಮೆಗೆ 3.25 ಪರ್ಸೆಂಟ್, ಅದು 487 ರೂಪಾಯಿ 50 ಪೈಸೆ. ತಲೆಗೆ ತಿಂಗಳಿಗೆ ಸುಮಾರು 2,290. ಪಕ್ಕದ ಶೆಡ್ಡಿನವನಿಗೆ ಈ ಖರ್ಚೇ ಇಲ್ಲ. 20 ಜನ ಆದರೆ ಪಿಎಫ್ ಕಡ್ಡಾಯ ಅಂತ ಅವನ ಹಾಜರಿ ಮಸ್ಟರಿನಲ್ಲಿ ಯಾವತ್ತೂ 19 ಹೆಸರು. ಒಳಗೆ ಹೋಗಿ ತಲೆ ಎಣಿಸಿದರೆ ಬೇರೆ ಕಥೆ. ಅವನು ಪೀಸಿಗೆ ಕಡಿಮೆ ರೇಟು ಹಾಕುತ್ತಾನೆ, ಆರ್ಡರ್ ಅವನಿಗೆ ಹೋಗುತ್ತದೆ.

ಆ ಆರ್ಡರ್ ಕೊಡುವವರು ಯಾರು? ನೀತಿ ಸಂಹಿತೆಯನ್ನು ಫ್ರೇಮ್ ಹಾಕಿಸಿ ರಿಸೆಪ್ಷನ್‌ನಲ್ಲಿ ತೂಗುಹಾಕಿದ ದೊಡ್ಡ ಕಂಪನಿಗಳು. ಸಣ್ಣ ಉದ್ದಿಮೆಗಳ ಬಿಲ್ಲನ್ನು 45 ದಿನದೊಳಗೆ ಕೊಡಬೇಕು ಅಂತ 2006ರಿಂದ ಕಾನೂನಿದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತಲೂ ಇದೆ. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ? ಬಿಲ್ಲು ನಾಲ್ಕು ತಿಂಗಳು ನಿಂತಾಗ ನಾನು ಪಗಾರ ತಡ ಮಾಡಿದರೆ, ನೀತಿಗೆಟ್ಟವನು ನಾನಾ, ಅವರಾ?

ಹಳೇ ಫಿಟ್ಟರ್

ತಾರಿಹಾಳದ ತಂಗಿ, ಎರಡು ಮಾತು ಕೇಳುತ್ತೇನೆ. ನಿಮ್ಮಲ್ಲಿ ಇನ್ಸೆಂಟಿವ್ ಯಾವುದರ ಮೇಲೆ ಕೊಡುತ್ತೀರಿ? ಓಟಿ (ಓವರ್‌ಟೈಮ್) ಯಾರು ಬರೆಯುತ್ತಾರೆ?

ತಾರಿಹಾಳ ಆಫೀಸು

ಇನ್ಸೆಂಟಿವ್ ಡಿಸ್ಪ್ಯಾಚ್ ಆದ ಪೀಸಿನ ಮೇಲೆ, ಕಾಕಾ. ಶಿಫ್ಟಿನ ಟಾರ್ಗೆಟ್ ದಾಟಿದರೆ ಹುಡುಗರಿಗೂ ಸೂಪರ್‌ವೈಸರ್‌ಗೂ ಸಿಗುತ್ತದೆ. ಓಟಿಯನ್ನು ಸೂಪರ್‌ವೈಸರ್ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು ಶನಿವಾರ ನನಗೆ ಕೊಡುತ್ತಾರೆ. ನಾನು ಅದನ್ನೇ ಕಂಪ್ಯೂಟರಿಗೆ ಹಾಕುತ್ತೇನೆ.

ಹಳೇ ಫಿಟ್ಟರ್

ಅಲ್ಲೇ ಇದೆ ನೋಡವ್ವಾ.

ಲೇತಿನ ಮೇಲೆ ಇರುವ ಹುಡುಗನ ಜಾಗದಲ್ಲಿ ನಿಂತು ಯೋಚನೆ ಮಾಡು. ಕಾಸ್ಟಿಂಗ್ ಹಾಕಿದ, ಎರಡು ಕಟ್ ತೆಗೆದ, ಒಳಗಿನಿಂದ ತೂತು ಕಾಣಿಸಿತು. ರಿಜೆಕ್ಟ್ ಅಂತ ಬರೆದರೆ ಅಷ್ಟು ಹೊತ್ತಿನ ಕೆಲಸ ಹೋಯಿತು, ಟಾರ್ಗೆಟ್ ಹೋಯಿತು, ಜೊತೆಯವರ ಇನ್ಸೆಂಟಿವ್ ಕೂಡ ಹೋಯಿತು, ಮೇಲೆ ಸೂಪರ್‌ವೈಸರ್ ಬೈಗುಳ. ಮೆತ್ತಿ ಕಳಿಸಿದರೆ ಎಲ್ಲರಿಗೂ ರೊಕ್ಕ. ಮಾಲೀಕರ ನಿಯತ್ತು ಆಫೀಸಿನಲ್ಲಿದೆ. ಲೇತಿನ ಹತ್ತಿರ ಇರುವುದು ಟಾರ್ಗೆಟ್ ಬೋರ್ಡು.

ಇದರಲ್ಲಿ ನಷ್ಟ ಯಾರಿಗೆ ಅಂತಲೂ ನೋಡು. ಬ್ಲೋ ಹೋಲ್ ಎರಕ ಹೊಯ್ದ ಫೌಂಡ್ರಿಯ ತಪ್ಪು. ಅವತ್ತೇ ಬರೆದಿದ್ದರೆ ಫೌಂಡ್ರಿಗೆ ಡೆಬಿಟ್ ನೋಟ್ ಹಾಕಿ, ಅಂದರೆ ಅವರ ಬಿಲ್ಲಿನಲ್ಲಿ ರೊಕ್ಕ ಮುರಿದು, ಬೇರೆ ಕಾಸ್ಟಿಂಗ್ ತರಿಸಬಹುದಿತ್ತು. ಈಗ ಅದು ನಿಮ್ಮ ತಪ್ಪಾಯಿತು. ಮಶೀನಿಂಗ್ ಖರ್ಚು, ಲಾರಿ ಬಾಡಿಗೆ, ಗಿರಾಕಿಯ ನಂಬಿಕೆ, ಎಲ್ಲ ನಿಮ್ಮ ತಲೆಗೆ.

ಓಟಿ ನೋಟ್‌ಬುಕ್ ಬಗ್ಗೆ ಹುಡುಗರನ್ನು ಒಬ್ಬೊಬ್ಬರನ್ನೇ ಕೇಳು. ಕ್ಯಾಂಟೀನಿನಲ್ಲಿ ಕೇಳಬೇಡ, ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೇಳು. ಬಿಟ್ಟು ಹೋದವರಿಗೂ ಫೋನ್ ಮಾಡು. ಅವರಿಗೆ ಈಗ ಯಾರ ಹೆದರಿಕೆಯೂ ಇಲ್ಲ.

ಹಾವೇರಿ ಕೌಂಟರ್

ಕಾಕಾ ಹೇಳಿದ್ದು ನೂರಕ್ಕೆ ನೂರು. ನಾನು ಬ್ಯಾಂಕಿನವನು. ಸಾಲ ಕೇಳಲು ಬಂದ ರೈತನಿಗೆ ವಿಮೆ ಪಾಲಿಸಿ ಅಂಟಿಸಬೇಕು ಅನ್ನುವ ಒತ್ತಡ ಹೇಗಿರುತ್ತದೆ ಅಂತ ಈ ಕಡೆ ಕೂತವರಿಗೇ ಗೊತ್ತು. ಮೇಲಿನಿಂದ ಬರುವ ಸುತ್ತೋಲೆಯಲ್ಲಿ ಗ್ರಾಹಕರ ಹಿತವೇ ಮೊದಲು ಅಂತ ಇರುತ್ತದೆ. ಸಂಜೆ ಬರುವ ಫೋನಿನಲ್ಲಿ ಮಾತ್ರ ಎಷ್ಟು ಪಾಲಿಸಿ ಆಯಿತು ಅಂತ ಒಂದೇ ಪ್ರಶ್ನೆ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನದು ಇದೇ ಕಥೆ. ಒಬ್ಬ ಗ್ರಾಹಕನಿಗೆ ಎಂಟು ಉತ್ಪನ್ನ ಮಾರಬೇಕು ಅನ್ನುವ ಗುರಿ ಇತ್ತು. ಗುರಿ ಮುಟ್ಟಲಾಗದೆ ಸಿಬ್ಬಂದಿ ಗ್ರಾಹಕರಿಗೆ ತಿಳಿಸದೇ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಹೊರಗೆ ಬಂತು. 18.5 ಕೋಟಿ ಡಾಲರ್ ದಂಡ. ಕೆಲಸ ಕಳೆದುಕೊಂಡವರು ಸುಮಾರು 5,300 ಜನ, ಹೆಚ್ಚಿನವರು ಕೆಳಗಿನ ಹಂತದವರು. ಮೊದಲು ಬ್ಯಾಂಕಿನವರು ಕೆಲವು ಕೆಟ್ಟ ನೌಕರರು ಮಾಡಿದ್ದು ಅನ್ನುವ ಹಾಗೆ ಮಾತಾಡಿದರು. ಅಷ್ಟು ಜನ ಒಂದೇ ಥರ ಕೆಟ್ಟುಹೋಗುತ್ತಾರಾ? ಅದೇ ವರ್ಷ ಅಕ್ಟೋಬರಿನಲ್ಲಿ ಮುಖ್ಯಸ್ಥರೂ ಕುರ್ಚಿ ಬಿಡಬೇಕಾಯಿತು.

ಲೆಕ್ಕ ಪಕ್ಕಾ

ಟಾರ್ಗೆಟ್ ಬೇಡ ಅಂದರೆ ಮೂರು ತಿಂಗಳಲ್ಲಿ ಶೆಡ್ಡಿಗೆ ಬೀಗ. ಹೇಳುವುದು ಸುಲಭ.

ಧಾರವಾಡ ಮೇಡಂ

ನಾನು ಧಾರವಾಡದಲ್ಲಿ ಎಂಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಈ ಪ್ರಶ್ನೆಯ ಮೇಲೆ ಸಂಶೋಧನೆ ಸಾಕಷ್ಟಿದೆ. ತಾರಿಹಾಳದವರ ಒಗಟಿಗೆ ಹತ್ತಿರದ ಉತ್ತರವೂ ಅದರಲ್ಲಿದೆ.

ಲಿಂಡಾ ಟ್ರೆವಿನೊ ಮತ್ತು ಜೊತೆಯವರು 2000ದಲ್ಲಿ ಒಂದು ಲೇಖನ ಬರೆದರು. ನೀತಿವಂತ ಮುಖ್ಯಸ್ಥ ಅನ್ನಿಸಿಕೊಳ್ಳಲು ಎರಡು ಬೇಕು ಅಂತ ಅವರ ವಾದ. ಒಂದು, ಆ ಮನುಷ್ಯ ಸ್ವತಃ ಒಳ್ಳೆಯವನಾಗಿರಬೇಕು. ಇನ್ನೊಂದು, ಆ ಒಳ್ಳೆಯತನ ಕೆಲಸದ ನಿಯಮಗಳಲ್ಲಿ, ಬಹುಮಾನದಲ್ಲಿ, ಶಿಕ್ಷೆಯಲ್ಲಿ ಕಾಣಬೇಕು. ಅದರ ಬಗ್ಗೆ ಬಾಯಿ ಬಿಟ್ಟು ಮಾತಾಡಬೇಕು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿದ್ದರೆ ನೌಕರರಿಗೆ ಆ ಮುಖ್ಯಸ್ಥ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಅವನಿಗೆ ಮುಖ್ಯವಾದದ್ದು ಏನು ಅಂತ ತಿಳಿಯುವುದೇ ಇಲ್ಲ. ಆಗ ಟಾರ್ಗೆಟ್ ಬೋರ್ಡೇ ಮುಖ್ಯ ಅಂದುಕೊಳ್ಳುತ್ತಾರೆ. ನಿಮ್ಮ ಮಾಲೀಕರು ಪಿಎಫ್ ತಪ್ಪಿಸದೇ ಕಟ್ಟುತ್ತಾರೆ ಸರಿ, ಆದರೆ ಲೇತಿನ ಹುಡುಗನಿಗೆ ಅದು ಗೊತ್ತಾ? ಅವನು ಪಾಸ್‌ಬುಕ್ ನೋಡಿದ್ದಾನಾ?

2009ರಲ್ಲಿ ಡೇವಿಡ್ ಮೇಯರ್ ಮತ್ತು ಇತರರು ಇನ್ನೊಂದು ವಿಷಯ ತೋರಿಸಿದರು. ಮೇಲಿನವರ ನೀತಿ ಕೆಳಗಿನ ಕೆಲಸಗಾರನವರೆಗೆ ಬರುವುದು ಬಹುಪಾಲು ನಡುವಿನ ಸೂಪರ್‌ವೈಸರ್ ಮೂಲಕ. ಕೆಲಸಗಾರನ ಪಾಲಿಗೆ ಕಂಪನಿ ಅಂದರೆ ಅವನೇ. ಸೂಟಿ ಕೊಡುವವನು, ಓಟಿ ಬರೆಯುವವನು, ಬೈಯುವವನು ಅವನು.

ಲಾಭದ ವಿಷಯಕ್ಕೆ ಬಂದರೆ ಸ್ವಲ್ಪ ಎಚ್ಚರ ಬೇಕು. ನೀತಿವಂತ ನಾಯಕತ್ವ ಇರುವಲ್ಲಿ ಜನ ಹೆಚ್ಚು ಕಾಲ ನಿಲ್ಲುತ್ತಾರೆ, ತೊಂದರೆ ಕಂಡರೆ ಬಂದು ಹೇಳುತ್ತಾರೆ, ಹೇಳದ ಕೆಲಸವನ್ನೂ ಮಾಡುತ್ತಾರೆ ಅಂತ ಬಹಳ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಇವು ಹೆಚ್ಚಾಗಿ ಪ್ರಶ್ನಾವಳಿ ಸಮೀಕ್ಷೆಗಳು. ಸಾಹೇಬರು ಹೇಗೆ ಅಂತ ಹೇಳುವವನೂ ತನ್ನ ಕೆಲಸ ಹೇಗೆ ಅಂತ ಹೇಳುವವನೂ ಒಬ್ಬನೇ ಆಗಿರುತ್ತಾನೆ. ಲಾಭದಲ್ಲಿರುವ ಕಂಪನಿಗೆ ಒಳ್ಳೆಯದಾಗಿರುವುದು ಸುಲಭ ಅನ್ನುವ ವಾದವನ್ನೂ ತಳ್ಳಿಹಾಕಲಾಗದು. ಆದ್ದರಿಂದ ಲೆಕ್ಕ ಪಕ್ಕಾ ಅವರ ಅನುಮಾನ ಪೂರ್ತಿ ತಪ್ಪಲ್ಲ.

ಲೆಕ್ಕ ಪಕ್ಕಾ

ಮೇಡಂ, ಕಾಲೇಜಿನವರು ಒಪ್ಪಿಕೊಂಡಿದ್ದು ಇದೇ ಮೊದಲು ಕೇಳಿದೆ :)

ಗದಗ ಪ್ರೆಸ್

ನಾನು ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ನಮ್ಮ ಊರು ಪ್ರೆಸ್ಸುಗಳಿಗೆ ಹೆಸರಾದದ್ದು, ಎಲ್ಲರಿಗೂ ಗೊತ್ತಲ್ವಾ. ಹತ್ತು ಜನರ ಜಾಗದಲ್ಲಿ ಈ ವಿಷಯ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಚುನಾವಣೆ ಬಂದಾಗ ಕರಪತ್ರದ ಕೆಲಸ ಬರುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಪ್ರತಿ ಕರಪತ್ರದ ಮೇಲೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಪ್ರಕಾಶಕರಿಂದ ಘೋಷಣೆ ಬರೆಸಿಕೊಳ್ಳಬೇಕು, ಇಬ್ಬರ ಸಾಕ್ಷಿ ಸಹಿ ಬೇಕು, ಪ್ರತಿಯನ್ನು ಜಿಲ್ಲಾಡಳಿತಕ್ಕೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬರುವವರು ಏನು ಕೇಳುತ್ತಾರೆ? ಹೆಸರು ಹಾಕಬೇಡಿ ಅನ್ನುತ್ತಾರೆ. ಹಾಕಿದರೂ ಪ್ರತಿಗಳ ಸಂಖ್ಯೆ ಕಡಿಮೆ ತೋರಿಸಿ ಅನ್ನುತ್ತಾರೆ. ರೇಟು ಎರಡು ಪಟ್ಟು, ನಗದು.

ಈ ಮಾತು ನಡೆಯುವುದು ಮಶೀನಿನ ಪಕ್ಕದಲ್ಲೇ. ಮಶೀನ್‌ಮ್ಯಾನ್ ಕೇಳುತ್ತಿರುತ್ತಾನೆ. ನಾನು ಹೂಂ ಅಂದರೆ ನಮ್ಮ ಪ್ರೆಸ್ಸಿನಲ್ಲಿ ಕಾನೂನಿಗೂ ಒಂದು ರೇಟು ಇದೆ ಅಂತ ಅವನಿಗೆ ತಿಳಿಯುತ್ತದೆ. ನನಗೆ ಪರಿಚಯದ ಒಬ್ಬ ಮಾಲೀಕರಿಗೆ ಅದೇ ಆಯಿತು. ಒಂದು ಚುನಾವಣೆಯಲ್ಲಿ ಹೂಂ ಅಂದರು. ಆಮೇಲೆ ಅವರ ಹುಡುಗರು ರಾತ್ರಿ ಅವರದೇ ಕಾಗದದಲ್ಲಿ, ಅವರದೇ ಶಾಯಿಯಲ್ಲಿ ಮದುವೆ ಕಾರ್ಡು ಹೊಡೆದು ಮಾರತೊಡಗಿದರು. ಹಿಡಿದಾಗ ಬೈಯಲು ಬಾಯಿ ಬರಲಿಲ್ಲ. ಬೈದರೆ ಕರಪತ್ರದ ಮಾತು ಬರುತ್ತದೆ. ಆ ಹುಡುಗರು ಈಗಲೂ ಅಲ್ಲೇ ಇದ್ದಾರೆ, ತೆಗೆಯಲೂ ಆಗುತ್ತಿಲ್ಲ.

ಹಾಗಾಗಿ ಲೆಕ್ಕ ಪಕ್ಕಾ ಅಣ್ಣನಿಗೆ ಒಂದು ಮಾತು. ಸುಳ್ಳಿಗೂ ಖರ್ಚಿದೆ. ಕಾಗದದ ಸ್ಟಾಕಿನಲ್ಲಿ ಕಾಣುತ್ತದೆ, ಲಾಭ ನಷ್ಟದ ಪಟ್ಟಿಯಲ್ಲಿ ಆ ಹೆಸರಿನಲ್ಲಿ ಕಾಣುವುದಿಲ್ಲ ಅಷ್ಟೇ.

ಇನ್ನೊಂದು, ನಮ್ಮ ಗದಗ ಜಿಲ್ಲೆಯದೇ. ಕಣಗಿನಹಾಳದ ಸಹಕಾರಿ ಸಂಘ 1905ರದು, ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅಂತ ಹೆಸರಾದದ್ದು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. 1904ರ ಸಹಕಾರಿ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಅಪರಿಮಿತ ಹೊಣೆ ಅಂತ ಇತ್ತು. ಸಂಘ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಗೂ ಕೈ ಬೀಳುತ್ತಿತ್ತು. ಸಾಲ ಯಾರಿಗೆ ಕೊಡುತ್ತೀರಿ, ಯಾಕೆ ಕೊಡುತ್ತೀರಿ ಅಂತ ಊರವರೆಲ್ಲ ಕಣ್ಣಿಟ್ಟು ನೋಡುವ ವ್ಯವಸ್ಥೆ ಅದು. ಈಗಿನ ಸಾಹೇಬರಿಗೆ ಬೋನಸ್ ಮಾತ್ರ ಸ್ವಂತ, ನಷ್ಟ ಕಂಪನಿಯದು.

ಬ್ಯಾಡಗಿ ಗುಮಾಸ್ತ

ಗದಗದವರು ಹೇಳಿದ್ದು ನಮ್ಮ ಮೆಣಸಿನಕಾಯಿ ಪೇಟೆಗೂ ಹೊಂದುತ್ತದೆ. ಡಬ್ಬಿ, ಕಡ್ಡಿ ಅನ್ನುವ ಬ್ಯಾಡಗಿ ಕಾಯಿಗಳಿಗೆ ಬೆಲೆ ಬರುವುದು ಬಣ್ಣಕ್ಕೆ. ಬೇರೆ ಕಡೆಯ ಕಾಯಿ ಬೆರೆಸಿ ಬ್ಯಾಡಗಿ ಅಂತ ಮಾರುವವರೂ ಇದ್ದಾರೆ, ತೂಕಕ್ಕೆ ನೀರು ಚಿಮುಕಿಸುವವರೂ ಇದ್ದಾರೆ. ಬೆರೆಸುವುದು ಹಮಾಲರ ಕೈಯಿಂದಲೇ. ಹಾಗೆ ಮಾಡಿಸುವ ಅಂಗಡಿಯ ಹಮಾಲರು ಪಕ್ಕದ ಅಂಗಡಿಯಲ್ಲಿ ಕೂತು ಅದನ್ನೇ ಹೇಳುತ್ತಿರುತ್ತಾರೆ. ಪೇಟೆಯಲ್ಲಿ ಗುಟ್ಟು ಅನ್ನುವುದು ಇಲ್ಲವೇ ಇಲ್ಲ. ಸೋಮವಾರ ಮಾಡಿದ್ದು ಗುರುವಾರದ ಟೆಂಡರ್ ಹೊತ್ತಿಗೆ ಎಲ್ಲರಿಗೂ ಗೊತ್ತು. ಖರೀದಿದಾರರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆ ಅಂಗಡಿಯ ಲಾಟಿಗೆ ರೇಟು ತಗ್ಗಿಸಿ ಬರೆಯುತ್ತಾರೆ, ಅಷ್ಟೇ.

ಲೆಕ್ಕ ಪಕ್ಕಾ

ಸರಿ, ಪೇಟೆಯಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಾರೆ, ಒಪ್ಪಿದೆ. ನಮ್ಮ ಹುಬ್ಬಳ್ಳಿಯ ಬೆಂಗೇರಿ ಖಾದಿ ಸಂಘಕ್ಕೆ ಏನು ಹೇಳುತ್ತೀರಿ? ರಾಷ್ಟ್ರಧ್ವಜ ಹೊಲಿಯುವ ಜಾಗ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡದ ಪ್ರಕಾರ ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲ ಪರೀಕ್ಷೆ. ಚಕ್ರ ಎರಡೂ ಕಡೆ ಸರಿಯಾಗಿ ಕೂರಬೇಕು. ಅಷ್ಟು ಶಿಸ್ತಾಗಿ ಮಾಡಿದವರು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಯಿತು, ಪಾಲಿಯೆಸ್ಟರಿಗೂ ಮಶೀನಿಗೂ ಅನುಮತಿ ಸಿಕ್ಕಿತು. ಮುಂದಿನ ವರ್ಷ ಮನೆ ಮನೆಗೆ ಬಾವುಟದ ಅಭಿಯಾನ ಬಂದಾಗ ಇವರು ಪ್ರತಿಭಟನೆಗೆ ಕೂರಬೇಕಾಯಿತು. ನಿಯತ್ತಿನ ಕೆಲಸಕ್ಕೆ ಸಿಕ್ಕಿದ್ದು ಇದು.

ಧಾರವಾಡ ಮೇಡಂ

ಇದಕ್ಕೆ ನನ್ನ ಬಳಿ ಎದುರು ವಾದ ಇಲ್ಲ. ನೀತಿಯಿಂದ ನಡೆದರೆ ಮಾರುಕಟ್ಟೆ ಕೈ ಬಿಡುವುದಿಲ್ಲ ಅಂತ ಯಾರಾದರೂ ಪಾಠ ಮಾಡಿದರೆ ನಂಬಬೇಡಿ. ಗಿರಾಕಿಗೆ ವ್ಯತ್ಯಾಸ ಕಾಣಬೇಕು, ಅದಕ್ಕೆ ಬೆಲೆ ಕೊಡುವ ಮನಸ್ಸೂ ಬೇಕು. ವಾಲ್ವ್ ಕೆಲಸದಲ್ಲಿ ಅದು ಕಾಣುತ್ತದೆ. ನೀರಿನ ಟೆಸ್ಟ್‌ನಲ್ಲಿ ವಾಲ್ವ್ ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು ಕೊಟ್ಟಾಗ ಎಂ-ಸೀಲ್ ಎಷ್ಟು ಹೊತ್ತು ನಿಲ್ಲುತ್ತದೆ?

ರಾಣೆಬೆನ್ನೂರು ಬೀಜ

ಬೀಜದ ಕೆಲಸದಲ್ಲಿ ಇನ್ನೊಂದು ಥರ. ಟೊಮ್ಯಾಟೊ, ಮೆಣಸಿನಕಾಯಿ ಹೈಬ್ರಿಡ್ ಬೀಜ ಮಾಡುವಾಗ ಹೂವಿಗೆ ಕೈಯಿಂದ ಪರಾಗ ಹಚ್ಚಬೇಕು. ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುವ ಕೆಲಸ. ಹೂವು ಅರಳುವ ಮೊದಲೇ ಕೇಸರ ತೆಗೆಯದಿದ್ದರೆ ಅದು ತನ್ನಷ್ಟಕ್ಕೇ ಬೀಜ ಕಟ್ಟುತ್ತದೆ, ಲಾಟ್ ಕೆಡುತ್ತದೆ. ಯಾವ ಹೂವಿಗೆ ಮಾಡಿದರು, ಯಾವುದು ತಪ್ಪಿತು ಅಂತ ಯಾವ ಸಾಹೇಬನೂ ನಿಂತು ನೋಡಲು ಆಗದು. ಅವರ ಮನಸ್ಸಿಗೆ ಬಿಟ್ಟದ್ದು.

ಬೀಜ ಕೊಯ್ದ ಮೇಲೆ ಶುದ್ಧತೆ ಪರೀಕ್ಷೆ. ಮತ್ತೆ ಬಿತ್ತಿ, ಬೆಳೆಸಿ ನೋಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ರೈತನ ಹಣ ನಿಂತಿರುತ್ತದೆ. ಲಾಟ್ ಫೇಲ್ ಅಂತ ಫೋನಿನಲ್ಲಿ ಒಂದು ಮಾತು ಹೇಳಿ ಮುಗಿಸುವ ಕಂಪನಿಗಳನ್ನು ನೋಡಿದ್ದೇನೆ. ಬನ್ನಿ, ಪ್ಲಾಟಿನಲ್ಲಿ ಬೇರೆ ಜಾತಿಯ ಗಿಡ ಎಷ್ಟಿವೆ ನೀವೇ ಎಣಿಸಿ ಅಂತ ಕರೆಯುವ ಮೇಲಧಿಕಾರಿಯ ಕೈಕೆಳಗೂ ಕೆಲಸ ಮಾಡಿದ್ದೇನೆ. ಎರಡನೆಯವರಿಗೆ ಮರುವರ್ಷ ಒಳ್ಳೆಯ ರೈತರು ಸಿಗುತ್ತಿದ್ದರು. ಫೀಲ್ಡ್ ಹುಡುಗರಾದ ನಮಗೂ ಊರಿನಲ್ಲಿ ತಲೆ ಎತ್ತಿ ಗಾಡಿ ಓಡಿಸಲು ಆಗುತ್ತಿತ್ತು. ಅದಕ್ಕೋಸ್ಕರ ನಾನು ಕಡಿಮೆ ಪಗಾರಕ್ಕೂ ಅಲ್ಲೇ ಉಳಿದೆ.

ಟೂಲ್ ರೂಮ್ ಹುಡುಗ

ಪಗಾರ ಜಾಸ್ತಿ ಕೊಟ್ಟರೆ ಯಾರೂ ಬಿಡುವುದಿಲ್ಲ. ಇಷ್ಟುದ್ದ ಚರ್ಚೆ ಯಾಕೆ?

ತಾರಿಹಾಳ ಆಫೀಸು

ತಮ್ಮಾ, ಬಿಟ್ಟು ಹೋದವರಿಗೆ ಫೋನ್ ಮಾಡಿದೆ. ಹೆಚ್ಚಿನವರು ಹೋಗಿರುವುದು ನಮ್ಮಷ್ಟೇ ಪಗಾರಕ್ಕೆ. ಒಬ್ಬ ಕಡಿಮೆಗೂ ಹೋಗಿದ್ದಾನೆ.

ಎಲ್ಲರೂ ಹೇಳಿದ್ದು ಓಟಿ ಬಗ್ಗೆ. ಇನ್ಸೆಂಟಿವ್ ಟಾರ್ಗೆಟ್ ಆಗದ ವಾರ ಸೂಪರ್‌ವೈಸರ್ ಓಟಿ ಗಂಟೆಗಳನ್ನು ಕಡಿಮೆ ಬರೆಯುತ್ತಿದ್ದರು. "ಟಾರ್ಗೆಟ್ ಆಗಿಲ್ಲ, ಓಟಿ ಯಾವ ಮುಖಕ್ಕೆ ಕೇಳುತ್ತೀರಿ" ಅನ್ನುತ್ತಿದ್ದರಂತೆ. ಗೇಟಿನ ರಿಜಿಸ್ಟರ್ ತೆಗೆದು ನೋಟ್‌ಬುಕ್ಕಿನ ಪಕ್ಕ ಇಟ್ಟು ನೋಡಿದೆ. ವ್ಯತ್ಯಾಸ ಇದೆ. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ಕೊಡಬೇಕು ಅಂತ ಕಾಯ್ದೆ, ಇಲ್ಲಿ ಒಂದಷ್ಟು ಗಂಟೆ ಲೆಕ್ಕಕ್ಕೇ ಬಂದಿಲ್ಲ. ಮಾಲೀಕರಿಗೆ ಇದು ಗೊತ್ತೇ ಇರಲಿಲ್ಲ.

ಒಬ್ಬ ಹುಡುಗ ಹೇಳಿದ ಮಾತು: "ಸಾಹುಕಾರರು ಒಳ್ಳೆಯವರು ಅಕ್ಕಾ, ಆದರೆ ಅವರಿಗೆ ಗೊತ್ತಿಲ್ಲದೆ ಇದು ನಡೆಯುತ್ತದೆ ಅಂತ ಹೇಗೆ ನಂಬಲಿ?"

ಈಗ ಮಾಲೀಕರು ಸೂಪರ್‌ವೈಸರನ್ನು ನಾಳೆಯೇ ತೆಗೆಯುತ್ತೇನೆ ಅನ್ನುತ್ತಿದ್ದಾರೆ.

ಹಾವೇರಿ ಕೌಂಟರ್

ತೆಗೆಯಲಿ. ಹುಡುಗರ ಬೆವರಿನ ರೊಕ್ಕ ನುಂಗಿದವನು.

ಹಳೇ ಫಿಟ್ಟರ್

ನುಂಗಿಲ್ಲ ಮಾರಾಯಾ, ಅವನ ಜೇಬಿಗೆ ಏನೂ ಹೋಗಿಲ್ಲ. ಕಂಪನಿಗೆ ಉಳಿಸಿದ್ದಾನೆ. ಶಬಾಷ್ ಅನ್ನುತ್ತಾರೆ ಅಂದುಕೊಂಡು ಮಾಡಿದ್ದಾನೆ. ಬಹುಶಃ ಹಿಂದೆ ಯಾರೋ ಅಂದಿದ್ದಾರೆ ಕೂಡ. ಖರ್ಚು ಕಡಿಮೆಯಾದ ತಿಂಗಳು ಮಾಲೀಕರು ಅವನ ಬೆನ್ನು ತಟ್ಟಿದ್ದರಾ ಅಂತ ಕೇಳು.

ನಾಳೆಯೇ ತೆಗೆದರೆ ಹುಡುಗರಿಗೆ ಏನು ಅನ್ನಿಸುತ್ತದೆ? ಸಿಕ್ಕಿಬಿದ್ದರೆ ಕತ್ತರಿ, ಅದಕ್ಕೆ ಬಾಯಿ ಮುಚ್ಚಿಕೊಂಡಿರುವುದೇ ಸುಖ ಅಂತ. ಎಂ-ಸೀಲ್ ಮೆತ್ತಿದವನು ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ.

ಬ್ಯಾಡಗಿ ಗುಮಾಸ್ತ

ಆದರೆ ಅವನನ್ನು ಹಾಗೇ ಬಿಟ್ಟರೂ ತಪ್ಪು, ಅಲ್ವಾ ಕಾಕಾ? ದುಡಿದವರಿಗೆ ನ್ಯಾಯ ಕಾಣಬೇಡವಾ?

ಹಳೇ ಫಿಟ್ಟರ್

ಬಿಡಬೇಡಿ. ಓಟಿ ಬರೆಯುವ ಅಧಿಕಾರ ಕಿತ್ತುಕೊಳ್ಳಿ. ಎಲ್ಲರ ಎದುರಿಗೆ ಲೆಕ್ಕ ಸರಿ ಮಾಡಿಸಿ. ಆಮೇಲೂ ಮಾಡಿದರೆ ತೆಗೆಯಿರಿ. ಮೊದಲು ಮಾಲೀಕರು ಬಾಯಿ ಬಿಟ್ಟು ಹೇಳಲಿ, ಇದು ನನ್ನ ಶೆಡ್ಡಿನಲ್ಲಿ ನಡೆದಿದೆ, ಬಾಕಿ ನಾನು ಕೊಡುತ್ತೇನೆ ಅಂತ.

ಧಾರವಾಡ ಮೇಡಂ

ಒಂದು ಎಚ್ಚರಿಕೆ, ಇದನ್ನು ಮಾಲೀಕರಿಗೆ ಮೊದಲೇ ಹೇಳಿಡಿ. ಎಲ್ಲ ಸರಿಯಾಗಿ ನಡೆದರೆ ಮುಂದಿನ ತಿಂಗಳು ನಿಮ್ಮ ರಿಜೆಕ್ಷನ್ ಸಂಖ್ಯೆ ಏರುತ್ತದೆ.

1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅಮೆರಿಕದ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ಮುಖ್ಯಸ್ಥರಿರುವ ವಾರ್ಡಿನಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಎಣಿಕೆ. ದಾಖಲೆಯಲ್ಲಿ ಅಂಥ ವಾರ್ಡುಗಳಲ್ಲೇ ತಪ್ಪು ಜಾಸ್ತಿ ಕಂಡಿತು. ಹುಡುಕಿದಾಗ ಗೊತ್ತಾಯಿತು, ಅಲ್ಲಿನ ನರ್ಸ್‌ಗಳು ಹೆದರದೆ ಬಂದು ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು.

ನಿಮ್ಮ ಮಾಲೀಕರು ಮೊದಲ ತಿಂಗಳ ಸಂಖ್ಯೆ ನೋಡಿ ಗಾಬರಿಯಾಗಿ ಕೂಗಾಡಿದರೆ ಎಲ್ಲ ಅಲ್ಲಿಗೇ ಮುಗಿಯಿತು.

ಇದಕ್ಕೆ ಉಲ್ಟಾ ಉದಾಹರಣೆ ಹೈದರಾಬಾದಿನ ಐಟಿ ಕಂಪನಿ ಸತ್ಯಂ. ವರ್ಷಗಟ್ಟಲೆ ಸಂಖ್ಯೆಗಳು ಬಹಳ ಚಂದ ಇದ್ದವು. 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ಲೆಕ್ಕ ಸುಳ್ಳು ಅಂದರು. ಸುಮಾರು 50,000 ನೌಕರರು ಮುಂದಿನ ತಿಂಗಳ ಪಗಾರ ಬರುತ್ತದಾ ಅಂತ ಕಾದು ಕೂತರು.

ಕೇಶ್ವಾಪುರ ಅಕ್ಕ

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಹತ್ತು ಜನರಿಗಿಂತ ಕಡಿಮೆ ಇಲ್ಲದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, 2013ರ ಕಾನೂನು. ನಿಮ್ಮಲ್ಲಿ ಇದೆಯಾ? ಇದ್ದರೆ ಅದರಲ್ಲಿ ಯಾರಿದ್ದಾರೆ ಅಂತ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಗೊತ್ತಾ? ಓಟಿ ಬಗ್ಗೆಯೇ ಬಾಯಿ ಬಿಡದ ಜಾಗದಲ್ಲಿ ಇದನ್ನು ಯಾರು ಹೇಳುತ್ತಾರೆ?

ತಾರಿಹಾಳ ಆಫೀಸು

ಸಮಿತಿ ಇದೆ ಅಕ್ಕಾ, ಕಾಗದದಲ್ಲಿ. ಹೆಸರು ಫೋನ್ ನಂಬರ್ ಬರೆದು ಹೆಣ್ಣುಮಕ್ಕಳ ಊಟದ ಜಾಗದಲ್ಲಿ ಹಚ್ಚುತ್ತೇನೆ.

ತಾರಿಹಾಳ ಆಫೀಸು

(ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ.)

ಏನೇನಾಯಿತು ಅಂತ ಹೇಳುತ್ತೇನೆ. ಇನ್ಸೆಂಟಿವ್ ಈಗ ಡಿಸ್ಪ್ಯಾಚ್ ಮೇಲೆ ಇಲ್ಲ, ಗಿರಾಕಿ ಒಪ್ಪಿದ ಪೀಸಿನ ಮೇಲೆ. ಕಾಸ್ಟಿಂಗ್ ದೋಷ ಹಿಡಿದು ಕೆಂಪು ಟ್ಯಾಗ್ ಕಟ್ಟಿದರೆ ಆ ಪೀಸನ್ನೂ ಹುಡುಗನ ಲೆಕ್ಕಕ್ಕೆ ಸೇರಿಸುತ್ತೇವೆ. ಅದು ಫೌಂಡ್ರಿಯ ತಪ್ಪು, ಅವನದಲ್ಲವಲ್ಲ. ಓಟಿ ನೇರ ಗೇಟ್ ರಿಜಿಸ್ಟರಿನಿಂದ ಬರುತ್ತದೆ. ಪಿಎಫ್ ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಿ ತೆರೆದು ಎಲ್ಲರಿಗೂ ತೋರಿಸಿದೆ. ಕೆಲವರು ಅವತ್ತೇ ಮೊದಲು ನೋಡಿದ್ದು.

ಮೇಡಂ ಹೇಳಿದ ಹಾಗೆ ರಿಜೆಕ್ಷನ್ ಏರಿತು, ಭಯ ಆಗುವಷ್ಟು. ಮಾಲೀಕರು ಕೂಗಾಡಲಿಲ್ಲ, ಆದರೆ ಅವರ ಮಗ ಮೀಟಿಂಗಿನಿಂದ ಎದ್ದು ಹೋದ. ಡೆಬಿಟ್ ನೋಟ್ ನೋಡಿ ಫೌಂಡ್ರಿಯವರು ಜಗಳಕ್ಕೆ ಬಂದರು.

ಎಂ-ಸೀಲ್ ವಿಷಯ ಒಬ್ಬ ಹುಡುಗ ತಾನಾಗಿ ಬಂದು ಹೇಳಿದ. ಇನ್ನೊಂದು ಲಾಟಿನಲ್ಲೂ ಒಂದಷ್ಟು ಪೀಸು ಹಾಗೇ ಹೋಗಿವೆ ಅಂದ. ಮಾಲೀಕರು ಗಿರಾಕಿಗೆ ತಾವೇ ಫೋನ್ ಮಾಡಿ ಹೇಳಿದರು.

ಲೆಕ್ಕ ಪಕ್ಕಾ

ಗಿರಾಕಿ ಏನಂದರು? ಹಾರ ಹಾಕಿದರಾ?

ತಾರಿಹಾಳ ಆಫೀಸು

ಕ್ವಾಲಿಟಿಯವರು ಥ್ಯಾಂಕ್ಸ್ ಅಂದರು. ಪರ್ಚೇಸ್‌ನವರು ರೇಟು ಇಳಿಸಿ ಅಂದರು.

ಲೆಕ್ಕ ಪಕ್ಕಾ

:) ನಾನು ಹೇಳಲಿಲ್ವಾ. ಆದರೂ ಆ ಗೇಟ್ ರಿಜಿಸ್ಟರ್ ಲೆಕ್ಕ ಹೇಗೆ ಮಾಡುತ್ತೀರಿ, ಶೀಟ್ ಇದ್ದರೆ ಕಳಿಸಿ. ನಮ್ಮಲ್ಲೂ ನೋಟ್‌ಬುಕ್ಕೇ ಇದೆ.

ಹಳೇ ಫಿಟ್ಟರ್

ಓಟಿ ಬಾಕಿ ಕೊಟ್ಟಿರಾ?

ತಾರಿಹಾಳ ಆಫೀಸು

ಅರ್ಧ ಕೊಟ್ಟಿದ್ದೇವೆ ಕಾಕಾ. ಉಳಿದದ್ದನ್ನು ದೀಪಾವಳಿ ಬೋನಸ್ ಜೊತೆ ಸೇರಿಸಿ ಕೊಡೋಣ ಅಂತ ಮಾಲೀಕರ ಮಗ ಹೇಳುತ್ತಿದ್ದಾನೆ. ಕೈಗೆ ದೊಡ್ಡ ಮೊತ್ತ ಬಂದರೆ ಹುಡುಗರು ಖುಷಿಯಾಗುತ್ತಾರೆ ಅಂತ.

ಹಳೇ ಫಿಟ್ಟರ್

ಬೋನಸ್ ಜೊತೆ ಬೆರೆಸಬೇಡವ್ವಾ. ಬೋನಸ್ ನೀವು ಕೊಡುವುದು, ಬಾಕಿ ಅವರದೇ ರೊಕ್ಕ. ಬೇರೆ ದಿನ ಕೊಡಿ, ಬೇರೆ ಸ್ಲಿಪ್ ಮಾಡಿ. ಯಾವ ವಾರ ಎಷ್ಟು ಗಂಟೆ ಅಂತ ಸ್ಲಿಪ್ಪಿನಲ್ಲಿ ಬರೆಸು.

ತಾರಿಹಾಳ ಆಫೀಸು

ಸರಿ ಕಾಕಾ. ವಾರದ ಪ್ರಕಾರ ತೆಗೆಯಲು ಹಳೇ ರಿಜಿಸ್ಟರ್ ಬೇಕು, ಅದು ಮಾಲೀಕರ ಮಗನ ಕಪಾಟಿನಲ್ಲಿದೆ. ಸೋಮವಾರ ಕೇಳುತ್ತೇನೆ.